ಏರ್ ಸಸ್ಪೆನ್ಷನ್ ಇರುವ ಎಸ್‌ಯುವಿಗೆ ಜಾಕ್ ಹಾಕುವ ಮುನ್ನ ಮತ್ತು ನಂತರ

ಉಕ್ಕಿನ ಸ್ಪ್ರಿಂಗ್ ಇರುವ ಕಾರಿಗೆ ಜಾಕ್ ಹಾಕಿದರೆ ಚಕ್ರ ಕೆಳಕ್ಕೆ ಜೋಲುತ್ತದೆ, ಸ್ಪ್ರಿಂಗ್ ಹಿಗ್ಗುತ್ತದೆ, ಕಾರು ಎತ್ತಿದಷ್ಟೇ ಎತ್ತರದಲ್ಲಿ ಸುಮ್ಮನೆ ನಿಲ್ಲುತ್ತದೆ. ಆಡಿ ಕ್ಯೂ7, ಬಿಎಂಡಬ್ಲ್ಯೂ ಎಕ್ಸ್7, ಮರ್ಸಿಡಿಸ್ ಜಿಎಲ್‌ಎಸ್, ರೇಂಜ್ ರೋವರ್‌ಗಳಂತಹ ವಾಹನಗಳು ಹಾಗೆ ಸುಮ್ಮನೆ ನಿಲ್ಲುತ್ತವೆಂದು ನಂಬಿಕೊಳ್ಳುವಂತಿಲ್ಲ. ಇವುಗಳಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಒತ್ತಡದ ಗಾಳಿ ತುಂಬಿದ ರಬ್ಬರಿನ ಚೀಲವಿರುತ್ತದೆ. ವಾಹನದ ಒಡಲು ಚಕ್ರಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಸೆನ್ಸರ್‌ಗಳು ಅಳೆಯುತ್ತಲೇ ಇರುತ್ತವೆ. ಆ ಅಳತೆಯನ್ನು ಆಧರಿಸಿ ನಿಯಂತ್ರಣ ಘಟಕವು ಕಂಪ್ರೆಸರ್‌ನಿಂದ ಗಾಳಿ ತುಂಬಿಸುತ್ತದೆ ಅಥವಾ ವಾಲ್ವ್ ತೆರೆದು ಗಾಳಿ ಬಿಡುತ್ತದೆ. ಜಾಕ್ ಒಂದು ಮೂಲೆಯನ್ನು ಎತ್ತಿದಾಗ ಸೆನ್ಸರ್‌ಗೆ ಕಾಣುವುದು ಒಂದೇ ಸಂಗತಿ, ಆ ಮೂಲೆ ಅಗತ್ಯಕ್ಕಿಂತ ಎತ್ತರದಲ್ಲಿದೆ ಎಂಬುದು. ಕೆಳಗೆ ಜಾಕ್ ಇದೆಯೆಂಬುದು ಅದಕ್ಕೆ ತಿಳಿಯದು. ಆದ್ದರಿಂದ ಅದು ಆ ಚೀಲದ ಗಾಳಿಯನ್ನು ಹೊರಬಿಡಲು ತೊಡಗಬಹುದು, ಉಳಿದ ಮೂಲೆಗಳನ್ನೂ ಸರಿಹೊಂದಿಸಲು ಹೋಗಬಹುದು.

ಇದರಿಂದ ಎರಡು ಬಗೆಯ ಅಪಾಯಗಳಿವೆ. ನೆಲದ ಮೇಲಿರುವ ಮೂಲೆಗಳು ಏರಿಳಿದರೆ 2 ಟನ್ನಿಗೂ ಮಿಕ್ಕ ತೂಕದ ಒಡಲು ಜಾಕಿನ ಸಣ್ಣ ತಲೆಯ ಮೇಲೆ ವಾಲುತ್ತದೆ, ಜಾಕ್ ಜಾರುತ್ತದೆ. ಎರಡನೆಯ ಅಪಾಯ ಕೂಡಲೇ ಕಾಣಿಸುವುದಿಲ್ಲ: ಗಾಳಿ ಖಾಲಿಯಾದ ಚೀಲದ ಮೇಲೆ ವಾಹನವನ್ನು ಇಳಿಸಿದರೆ ರಬ್ಬರು ತಪ್ಪಾದ ಕಡೆಗೆ ಮಡಚಿಕೊಳ್ಳುತ್ತದೆ, ಹಾಗೆಯೇ ಓಡಿಸಿದರೆ ಹರಿಯುತ್ತದೆ. ಪಂಕ್ಚರ್ ಹಾಕಿಸಲು ಹೋಗಿ ಏರ್ ಸ್ಪ್ರಿಂಗನ್ನೇ ಬದಲಿಸಬೇಕಾಗಿ ಬಂದವರಿದ್ದಾರೆ, ಮತ್ತು ಆ ಬಿಡಿಭಾಗ ಅಗ್ಗದ್ದಲ್ಲ.

ಮೊದಲು ಜಾಗ. ಶಿರಾಡಿ, ಚಾರ್ಮಾಡಿಯಂತಹ ಘಾಟಿಯ ಇಳಿಜಾರಿನಲ್ಲಿ ಟೈರು ಪಂಕ್ಚರ್ ಆದರೆ ಅಲ್ಲೇ ಜಾಕ್ ಹಾಕುವ ಯೋಚನೆಯನ್ನು ಬಿಟ್ಟು, ನಡಿಗೆಯ ವೇಗದಲ್ಲಿ ಸಮತಟ್ಟಾದ, ಗಟ್ಟಿಯಾದ ನೆಲದವರೆಗೆ ಹೋಗುವುದು ಮೇಲು. ಅದರಿಂದ ಟೈರು ಹಾಳಾದರೂ ಚಿಂತೆಯಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನಗಳು ಪಕ್ಕದಲ್ಲೇ ರಭಸದಿಂದ ಸಾಗುತ್ತಿದ್ದರೆ, ಅದರಲ್ಲೂ ಬಲಬದಿಯ ಚಕ್ರವಾಗಿದ್ದರೆ, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಕರೆ ಮಾಡುವುದು ಸರಿಯಾದ ನಿರ್ಧಾರ.

ಗೇರನ್ನು ‘ಪಿ’ಯಲ್ಲಿಟ್ಟು ಪಾರ್ಕಿಂಗ್ ಬ್ರೇಕ್ ಹಾಕಿದ ಮೇಲೂ ಚಕ್ರಗಳಿಗೆ ಅಡ್ಡಗಲ್ಲು ಇಡಲೇಬೇಕು. ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಈ ವಾಹನಗಳ ಪಾರ್ಕಿಂಗ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದರೆ ಉಳಿಯುವುದು ಒಂದೇ. ‘ಪಿ’ ಗೇರು ಹಿಡಿಯುವುದು ಗೇರ್‌ಬಾಕ್ಸಿನ ಶಾಫ್ಟನ್ನೇ ಹೊರತು ಚಕ್ರವನ್ನಲ್ಲ. ಒಂದು ಚಕ್ರ ಗಾಳಿಯಲ್ಲಿದ್ದಾಗ, ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಮೂಲಕ ಆ ಚಕ್ರ ತಿರುಗಿ, ನೆಲದ ಮೇಲಿರುವ ಚಕ್ರ ಉರುಳಲು ಅವಕಾಶವಾಗಬಹುದು. ಆದಕಾರಣ ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿ ಎದುರಾಗುವ ಚಕ್ರದ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡನ್ನು ಒತ್ತಿ ಇಡಿ.

ಇನ್ನು ಬಹಳ ಜನ ಎಡವುವ ಹಂತ. ಗಾಳಿ ತುಂಬಿಸಿ ಬಿಟ್ಟು ಎತ್ತರ ಸರಿಹೊಂದಿಸುವ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆಗೆ ಜಾಕ್ ಮೋಡ್ ಎನ್ನುತ್ತಾರೆ. ಅದನ್ನು ಹಾಕುವ ಮೊದಲೇ ಸ್ಟೆಪ್ನಿ, ಉಪಕರಣಗಳು, ಭಾರದ ಸಾಮಾನು ಎಲ್ಲವನ್ನೂ ಹೊರತೆಗೆಯಿರಿ, ಪ್ರಯಾಣಿಕರನ್ನೂ ಇಳಿಸಿ. ಡಿಕ್ಕಿಯಿಂದ ಭಾರ ಇಳಿದೊಡನೆ ಹಿಂಭಾಗ ಮೇಲೇರುತ್ತದೆ, ಅದನ್ನು ಸರಿಪಡಿಸಲು ವ್ಯವಸ್ಥೆ ಗಾಳಿ ಬಿಡುತ್ತದೆ; ಆ ಕೆಲಸವೆಲ್ಲ ಜಾಕ್ ಹಾಕುವ ಮುನ್ನವೇ ಮುಗಿದಿರಬೇಕು. ಹತ್ತಿ ಇಳಿಯಲು ಅನುಕೂಲವಾಗಲೆಂದು ತಾನಾಗಿ ತಗ್ಗುವ ಸೌಲಭ್ಯ ನಿಮ್ಮ ವಾಹನದಲ್ಲಿದ್ದರೆ ಅದನ್ನೂ ಆಗಲೇ ರದ್ದುಪಡಿಸಿ. ಟೈರಿನ ಗಾಳಿ ಪೂರ್ತಿ ಇಳಿದಾಗ ಆ ಮೂಲೆ ನೆಲಕ್ಕೆ ಇನ್ನಷ್ಟು ಹತ್ತಿರವಾಗಿ ಜಾಕ್ ಒಳಗೆ ಹೋಗದಿರಬಹುದು. ಸೆನ್ಸರ್ ಅಳೆಯುವುದು ಒಡಲಿಗೂ ಚಕ್ರದ ತೋಳಿಗೂ ನಡುವಿನ ಅಂತರವನ್ನಾದ್ದರಿಂದ ಟೈರು ಕುಸಿದಿರುವುದು ಅದರ ಗಮನಕ್ಕೇ ಬರುವುದಿಲ್ಲ. ಕೈಪಿಡಿ ಒಪ್ಪುವುದಾದರೆ ಎಂಜಿನ್ ಚಾಲೂ ಇರುವಾಗಲೇ ವಾಹನವನ್ನು ಎತ್ತರದ ಮಟ್ಟಕ್ಕೆ ಏರಿಸಿಕೊಳ್ಳಿ.

ಅದಾದ ಮೇಲೆ ಜಾಕ್ ಮೋಡ್. ಆಡಿ ಕ್ಯೂ7ರ ಪರದೆಯಲ್ಲಿ ಕಾರ್ ಮೆನುವಿನೊಳಗೆ ಏರ್ ಸಸ್ಪೆನ್ಷನ್‌ಗೆ ಸಂಬಂಧಿಸಿದ ಕಡೆ ಈ ಆಯ್ಕೆ ಇದೆ. ವೋಲ್ವೋ ಎಕ್ಸ್‌ಸಿ90ಯ ಏರ್ ಸಸ್ಪೆನ್ಷನ್ ಮಾದರಿಗಳಲ್ಲಿ ಲೆವೆಲಿಂಗ್ ಕಂಟ್ರೋಲ್ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಟೆಸ್ಲಾ ಮಾಡೆಲ್ ಎಕ್ಸ್ ಇಟ್ಟುಕೊಂಡಿರುವ ಕನ್ನಡಿಗರು ಪರದೆಯಲ್ಲೇ ಜಾಕ್ ಮೋಡ್ ಹಾಕಬಹುದು, ಆದರೆ ವೇಗ ಗಂಟೆಗೆ 7 ಕಿ.ಮೀ. ದಾಟಿದರೆ ಅದು ತಾನಾಗಿ ರದ್ದಾಗುತ್ತದೆ ಎಂಬುದನ್ನು ನೆನಪಿಡಬೇಕು. ವಾಹನವನ್ನು ಸರಿಸಿದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಿ. ಪ್ರತ್ಯೇಕ ಮೋಡ್ ಇಲ್ಲದ ವಾಹನಗಳಲ್ಲಿ ಯಾವ ಎತ್ತರದಲ್ಲಿಟ್ಟು ಇಗ್ನಿಷನ್ ಆಫ್ ಮಾಡಬೇಕೆಂಬುದನ್ನು ಕೈಪಿಡಿ ಹೇಳುತ್ತದೆ. ಇಗ್ನಿಷನ್ ಆಫ್ ಆದ ಮಾತ್ರಕ್ಕೆ ನಿಯಂತ್ರಣ ಘಟಕ ನಿದ್ರೆಗೆ ಹೋಯಿತೆಂದು ತಿಳಿಯಬಾರದು. ಅದು ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ, ಬಾಗಿಲು ತೆರೆದರೆ ಮತ್ತೆ ಎಚ್ಚರಗೊಳ್ಳಬಹುದು. ಹಾಗಾಗಿ ಕೆಲಸ ಮುಗಿಯುವ ತನಕ ಯಾರೂ ಬಾಗಿಲು ಮುಟ್ಟದಂತೆ ಹೇಳಿ, ಕೀಲಿಯನ್ನು ದೂರದಲ್ಲಿ ಇನ್ನೊಬ್ಬರ ಕೈಗೆ ಕೊಡಿ.

ಚಕ್ರ ನೆಲದ ಮೇಲಿರುವಾಗಲೇ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಕಳ್ಳತನ ತಡೆಯುವ ಲಾಕ್ ಬೋಲ್ಟ್ ಇದ್ದರೆ ಅದರ ಸಾಕೆಟ್ ಕೈಯಲ್ಲಿದೆಯೇ ಎಂದು ಈಗಲೇ ನೋಡಿ. ವಾಹನವನ್ನು ಎತ್ತಿದ ಮೇಲೆ ಅದನ್ನು ಹುಡುಕಲು ಬಾಗಿಲು ತೆರೆಯುವುದು ಇಷ್ಟು ಹೊತ್ತು ಪಟ್ಟ ಶ್ರಮವನ್ನು ವ್ಯರ್ಥ ಮಾಡೀತು. ಜಾಕಿನ ತಲೆ ಕೂರಬೇಕಾದದ್ದು ಬಾಗಿಲ ಕೆಳಗಿನ ಅಂಚಿನಲ್ಲಿ ತಯಾರಕರು ಗುರುತು ಮಾಡಿದ ಬಿಂದುವಿನಲ್ಲಿ ಮಾತ್ರ. ಪಕ್ಕದ ಮೆಟ್ಟಿಲು, ಚಕ್ರದ ತೋಳು, ಏರ್ ಸ್ಪ್ರಿಂಗ್ ಇರುವ ಜಾಗ, ವಿದ್ಯುತ್ ವಾಹನವಾದರೆ ಬ್ಯಾಟರಿಯ ತಳ, ಇವು ಯಾವುವೂ ಆ ಭಾರ ಹೊರಲು ಇರುವಂಥವಲ್ಲ. ನೆಲ ಮೆತ್ತಗಿದ್ದರೆ ಜಾಕಿನ ಕೆಳಗೆ ಅಗಲವಾದ ಹಲಗೆ ಹಾಕಿ. ಟೈರು ನೆಲದಿಂದ ಎರಡು ಮೂರು ಬೆರಳಿನಷ್ಟು ಮೇಲೆದ್ದರೆ ನಿಲ್ಲಿಸಿ. ಗಾಳಿ ತುಂಬಿದ ಸ್ಟೆಪ್ನಿ ಕೂರಿಸಲು ಕೊಂಚ ಹೆಚ್ಚು ಬೇಕಾಗಬಹುದು, ಅದಕ್ಕಿಂತ ಮೇಲೆತ್ತಬಾರದು. ಗಾಳಿ ಹೊರಹೋಗುವ ಸದ್ದು ಕೇಳಿಸಿದರೆ ಅಥವಾ ಬೇರೆ ಮೂಲೆ ಅಲುಗಿದರೆ ತಕ್ಷಣ ದೂರ ಸರಿಯಿರಿ. ಎಲ್ಲವೂ ಸ್ತಬ್ಧವಾದ ಮೇಲೆ ನಿಧಾನವಾಗಿ ಇಳಿಸಿ, ಜಾಕ್ ಮೋಡನ್ನು ಮತ್ತೆ ಪರೀಕ್ಷಿಸಿ. ಒಡಲಿನ ಕೆಳಗೆ ಕೈ ಕಾಲು ತೂರಿಸುವುದಂತೂ ಯಾವ ಕಾರಣಕ್ಕೂ ಬೇಡ. ಬಿಚ್ಚಿದ ಚಕ್ರವನ್ನು ಅಂಚಿನ ಕೆಳಗೆ ಮಲಗಿಸಿಟ್ಟರೆ ಜಾಕ್ ಜಾರಿದರೂ ಒಡಲು ನೆಲಕ್ಕೆ ಬಡಿಯದು.

ಹೊಸ ಚಕ್ರದ ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ಕೂರಿಸಿ, ಎದುರು ಬದುರಾಗಿ ಬಿಗಿಯಿರಿ. ಮಡಚಿಟ್ಟಂತಹ ಸ್ಟೆಪ್ನಿ ನಿಮ್ಮದಾಗಿದ್ದರೆ, ಕ್ಯೂ7ರಲ್ಲಿ ಅಂಥದ್ದು ಬರುವುದುಂಟು, ಅದನ್ನು ಜೋಡಿಸಿದ ಮೇಲೆ ಜೊತೆಗೆ ಕೊಟ್ಟಿರುವ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿ, ಆಮೇಲಷ್ಟೇ ವಾಹನವನ್ನು ನೆಲಕ್ಕೆ ಇಳಿಸಬೇಕು. ಇಂತಹ ತಾತ್ಕಾಲಿಕ ಚಕ್ರದಲ್ಲಿ ಗಂಟೆಗೆ 80 ಕಿ.ಮೀ. ಮೀರಬಾರದು.

ಜಾಕ್ ಇಳಿಸಿ, ಅದನ್ನು ಪೂರ್ತಿ ಹೊರಗೆಳೆದ ಮೇಲೆಯೇ ಜಾಕ್ ಮೋಡ್ ತೆಗೆದು ಎಂಜಿನ್ ಚಾಲೂ ಮಾಡಿ. ಜಾಕ್ ಕೆಳಗಿರುವಾಗ ಎಂಜಿನ್ ಚಾಲೂ ಮಾಡಿದರೆ ಕಂಪ್ರೆಸರ್ ಒಡಲನ್ನು ಎತ್ತಿ ಜಾಕನ್ನು ಉರುಳಿಸಬಹುದು. ಬಳಿಕ ಒಂದೆರಡು ನಿಮಿಷ ಹಾಗೆಯೇ ನಿಂತು ನಾಲ್ಕೂ ಚಕ್ರಗಳ ಮೇಲಿನ ಖಾಲಿ ಜಾಗ ಎಡಬಲಗಳಲ್ಲಿ ಸಮವಾಗುವುದನ್ನು ಕಣ್ಣಾರೆ ನೋಡಿ. ಒಂದು ಮೂಲೆ ಮೇಲೇಳದೆ ಕುಳಿತೇ ಇದ್ದರೆ ಅಥವಾ ಎಚ್ಚರಿಕೆಯ ದೀಪ ಆರದಿದ್ದರೆ ಹೊರಡಬೇಡಿ, ವಾಹನವನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಕರೆಸಿ.

ಈ ಎಲ್ಲ ಎಚ್ಚರಿಕೆ ನೀವೇ ಕೈಯಾರೆ ಟೈರು ಬದಲಿಸುವಾಗ ಮಾತ್ರವಲ್ಲ, ಟೈರು ಅಂಗಡಿಯಲ್ಲೂ ಬೇಕು. ಹಾಸನದ ಕಡೆಯ ಒಂದು ಅಂಗಡಿಯಲ್ಲಿ ನಾನು ಚಹಾ ಕುಡಿಯಲು ಹೋಗಿದ್ದ ಹೊತ್ತಿನಲ್ಲಿ ಹುಡುಗರು ಎಂದಿನಂತೆ ಟ್ರಾಲಿ ಜಾಕ್ ತಳ್ಳಿ ವಾಹನವನ್ನು ಎತ್ತಿಬಿಟ್ಟಿದ್ದರು. ಕೆಳಗಿಳಿಸಿದಾಗ ಒಂದು ಮೂಲೆ ನೆಲ ಹಿಡಿದಿತ್ತು. ತಪ್ಪು ಅವರದಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ನಾನು ವಾಹನವನ್ನು ನಿಲ್ಲಿಸಿದೊಡನೆ ಜಾಕ್ ಮೋಡ್ ಹಾಕಿ, ಎತ್ತಬೇಕಾದ ಬಿಂದುವನ್ನು ಬೆರಳಿಟ್ಟು ತೋರಿಸಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲುತ್ತೇನೆ. ಬೋಲ್ಟುಗಳನ್ನು ಗಾಳಿಯ ಗನ್‌ನಿಂದ ಬಿಗಿದು ಕಳಿಸುವವರ ಬಳಿ ಬಿಗಿಯ ಪ್ರಮಾಣವನ್ನು ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಬಿಗಿಯುವಂತೆ ಕೇಳುತ್ತೇನೆ. ಇಂತಹ ಭಾರಿ ವಾಹನಗಳಿಗೆ ಸಾಮಾನ್ಯವಾಗಿ 140ರಿಂದ 160 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಬೇಕಾಗುತ್ತದೆ, ನಿಖರವಾದ ಅಂಕಿ ಕೈಪಿಡಿಯಲ್ಲಿರುತ್ತದೆ. ಸುಮಾರು 50 ಕಿ.ಮೀ. ಓಡಿದ ಮೇಲೆ ಆ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.