ಬ್ರೇಕಾ, ಸ್ಟೀರಿಂಗಾ? ಕಾರಿನ ಸದ್ದು ಹಿಡಿಯುವ ನನ್ನ ರೀತಿ

ಗಾಡಿ ತಂದವರು ಮೊದಲು ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ‘ಕಿರ್ ಅಂತೈತಣ್ಣ’, ‘ಮುಂದ ಕಟಕಟ ಅಂತೈತಿ’. ಅದನ್ನು ಕೇಳಿಸಿಕೊಳ್ಳುತ್ತೇನೆ, ಆದರೆ ಅಷ್ಟನ್ನೇ ನಂಬಿ ಚಕ್ರ ಬಿಚ್ಚುವುದಿಲ್ಲ. ನಾನು ಕೇಳುವುದು ಒಂದೇ: ಏನು ಮಾಡಿದರೆ ಆ ಸದ್ದು ನಿಲ್ಲುತ್ತದೆ? ಬ್ರೇಕ್ ಒತ್ತಿದಾಗಲೋ, ಬಿಟ್ಟಾಗಲೋ, ಸ್ಟೀರಿಂಗ್ ನೆಟ್ಟಗಾದಾಗಲೋ, ಆಕ್ಸಿಲೇಟರ್ ಬಿಟ್ಟಾಗಲೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಗಾಡಿಯ ಮೇಲಿನ ಅನುಮಾನ ಕಳೆಯಿತು.

ಅದಕ್ಕೂ ಮೊದಲು ಎರಡು ಕೆಲಸ. ನಾಲ್ಕೂ ಚಕ್ರದ ನಟ್ಟುಗಳಿಗೆ ಪಾನಾ ಹಾಕಿ ನೋಡುತ್ತೇನೆ. ಪಂಚರ್ ಹಾಕಿಸಿದ ಮೇಲೆ ನಟ್ಟು ಸಡಿಲ ಉಳಿದರೆ ನಿಧಾನವಾಗಿ ತಿರುಗಿಸುವಾಗ ‘ಟಕ್ ಟಕ್’ ಬರುತ್ತದೆ, ಅದನ್ನು ಕೇಳಿದವರು ಸ್ಟೀರಿಂಗ್ ಹೋಯಿತೆಂದೇ ತಿಳಿಯುತ್ತಾರೆ. ಎರಡನೆಯದು ರಿಮ್ಮಿನ ಒಳಮೈ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಗದ್ದೆಯಿಂದ ಎದ್ದ ಟ್ರ್ಯಾಕ್ಟರು ಎರೆಮಣ್ಣನ್ನು ರಸ್ತೆಗೆ ತಂದು ಹಾಕುತ್ತದೆ. ಅದು ರಿಮ್ಮಿನೊಳಗೆ ಮೆತ್ತಿಕೊಂಡು ಒಂದೇ ಬದಿಗೆ ಒಣಗಿದರೆ 70–80 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಇಂಥ ಗಾಡಿಗೆ ಬ್ರೇಕಿನ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ) ಬದಲಿಸಿದರೂ ನಡುಕ ಹೋಗುವುದಿಲ್ಲ. ಮಣ್ಣು ಕೆರೆದು ತೊಳೆದರೆ ಹೋಗುತ್ತದೆ.

ಓಡಿಸಿ ನೋಡುವಾಗ ಹಾಡು, ಎಸಿ ಎರಡೂ ಬಂದ್. ಡಿಕ್ಕಿಯಲ್ಲಿರುವ ಜಾಕು, ಪಾನಾ, ನೀರಿನ ಕ್ಯಾನು ಕೆಳಗಿಳಿಸುತ್ತೇನೆ. ಉದ್ದನೆಯ ಕಾಂಪೌಂಡ್ ಗೋಡೆ ಇರುವ ರಸ್ತೆ ಸಿಕ್ಕರೆ ಗೋಡೆ ಕಡೆಯ ಕಿಟಕಿ ಇಳಿಸಿ 20 ಕಿ.ಮೀ.ನಲ್ಲಿ ಹೋಗಬೇಕು, ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ. ಖಾಲಿ ರಸ್ತೆಯಲ್ಲಿ, ಅದೇ ನಿಧಾನ ವೇಗದಲ್ಲಿ, ಗುಂಡಿ ಒತ್ತಿ ಹಿಡಿದೇ ಹ್ಯಾಂಡ್‌ಬ್ರೇಕನ್ನು ಸ್ವಲ್ಪವೇ ಎಳೆಯುತ್ತೇನೆ. ನಮ್ಮ ಸಾಮಾನ್ಯ ಕಾರುಗಳಲ್ಲಿ ಅದು ಹಿಂದಿನ ಚಕ್ರಕ್ಕೆ ಮಾತ್ರ ಹಿಡಿಯುತ್ತದೆ. ಆಗಲೂ ಕಿರ್ ಎಂದರೆ ಹಿಂದಿನ ಬ್ರೇಕ್ ಡ್ರಮ್ಮು ಬಿಚ್ಚಬೇಕು. ಪೆಡಲ್ ಒತ್ತಿದಾಗ ಮಾತ್ರ ಬಂದರೆ ಮೊದಲು ಮುಂದಿನದು.

ಓಡುವಾಗ ಸಣ್ಣಗೆ ಕೀರಲು ಸದ್ದು ಬಂದು, ಬ್ರೇಕ್ ಒತ್ತಿದ ಕೂಡಲೇ ಬದಲಾದರೆ ಅಥವಾ ನಿಂತರೆ ಬ್ರೇಕ್ ಪ್ಯಾಡಿನ (ಡಿಸ್ಕನ್ನು ಒತ್ತಿ ಹಿಡಿಯುವ ಹಲಗೆ) ಸವೆತ ತಿಳಿಸುವ ತಗಡು ಡಿಸ್ಕಿಗೆ ತಾಗುತ್ತಿರಬಹುದು. ಹೊಸ ಪ್ಯಾಡಿನ ಲೈನಿಂಗ್ (ಸವೆಯುವ ಪದರ) ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ರಿಮ್ಮಿನ ಸಂದಿಯಿಂದ ಟಾರ್ಚ್ ಹಾಕಿದರೆ ಹೊರಗಿನ ಪ್ಯಾಡು ಮಾತ್ರ ಕಾಣುತ್ತದೆ. ಒಳಗಿನದು ಅದಕ್ಕಿಂತ ಮೊದಲೇ ಸವೆದಿರುವುದು ಸಾಮಾನ್ಯ, ಹಾಗಾಗಿ ಚಕ್ರ ತೆಗೆಯದೆ ‘ಪ್ಯಾಡು ಚೆನ್ನಾಗಿದೆ’ ಎಂದು ನಾನು ಹೇಳುವುದಿಲ್ಲ. ‘ಗರ್‍ರ್’ ಎಂದು ಉಜ್ಜುವ ಸದ್ದು ಬಂದು ಪೆಡಲಿನಲ್ಲೂ ಒರಟು ಅನ್ನಿಸಿದರೆ ಲೈನಿಂಗ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗಿದೆ. ಆ ಗಾಡಿಯನ್ನು ಅಲ್ಲಿಂದ ಓಡಿಸಬಾರದು.

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳ ಕಥೆ ಬೇರೆ. ಅದಿರಿನ ಧೂಳು ಗಡಸು. ಪ್ಯಾಡಿನ ಮೈಯಲ್ಲಿ ಹೂತುಕೊಂಡು ಡಿಸ್ಕಿನ ಮೇಲೆ ಗೀರು ಎಳೆಯುತ್ತದೆ. ಪ್ಯಾಡು 6–7 ಮಿ.ಮೀ. ಇದ್ದರೂ ಕಿರ್ ಅನ್ನುತ್ತದೆ. ಅಂಥದ್ದನ್ನು ಎಸೆಯದೆ, ಸಮತಟ್ಟು ಕಲ್ಲಿನ ಮೇಲೆ 80 ನಂಬರಿನ ಎಮರಿ ಪೇಪರ್ ಹಾಸಿ, ಪ್ಯಾಡನ್ನು ಮುಖ ಕೆಳಗೆ ಮಾಡಿ ಎಂಟರ ಆಕಾರದಲ್ಲಿ ಉಜ್ಜುತ್ತೇನೆ. ಹೊಳಪು ಹೋಗಿ ಮೈಯೆಲ್ಲ ಒಂದೇ ಬಣ್ಣಕ್ಕೆ ಬಂದರೆ ಸಾಕು. ಮೂಗಿಗೆ ಮಾಸ್ಕ್ ಬೇಕು, ಧೂಳನ್ನು ಏರ್ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಡಿಸ್ಕಿನ ಅಂಚಿನಲ್ಲಿ ಏರಿದ ಕಂಠ ಉಗುರಿಗೆ ತಾಗುತ್ತದೆಯೋ ನೋಡಿ. ಹೊಸ ಪ್ಯಾಡಿನ ಅಂಚು ಆ ಕಂಠಕ್ಕೆ ತಾಗಿದರೆ ಮೊದಲ ದಿನದಿಂದಲೇ ಸದ್ದು. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೇ ಅಚ್ಚಾಗಿರುತ್ತದೆ. ಅಳತೆ ಅದಕ್ಕಿಂತ ಇಳಿದಿದ್ದರೆ ಲೇತಿಗೆ ಕಳಿಸಿ ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ಬ್ರೇಕ್ ಒತ್ತಿದರೂ ಬಿಟ್ಟರೂ ನಿಲ್ಲದೆ, ಚಕ್ರದ ವೇಗಕ್ಕೆ ತಕ್ಕಂತೆ ‘ಶರ್ ಶರ್’ ಅಂದರೆ ಹೆಚ್ಚಿನ ಸಲ ಡಿಸ್ಕಿನ ಹಿಂದಿರುವ ತಗಡಿನೊಳಗೆ ಕಡಿ (ಸಣ್ಣ ಕಲ್ಲು) ಸಿಕ್ಕಿರುತ್ತದೆ. ಜಲ್ಲಿ ರಸ್ತೆಯಲ್ಲಿ ಇದು ಮಾಮೂಲು. ತಗಡನ್ನು ಬೆರಳಿನಿಂದ ಒಂದೆರಡು ಮಿ.ಮೀ. ಹಿಂದಕ್ಕೆ ಬಗ್ಗಿಸಿದರೆ ಕಡಿ ಉದುರುತ್ತದೆ. ಖರ್ಚಿಲ್ಲ.

ಸದ್ದು ವಾಪಸು ಬರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನು. ಪ್ಯಾಡು ಬದಲಿಸುವವರು ಪಿನ್ನು ಮುಟ್ಟುವುದೇ ಇಲ್ಲ. ಪಿನ್ನು ಬಿಗಿದುಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ, ಪಿಸ್ಟನ್ ಕಡೆಯ ಒಳಪ್ಯಾಡೇ ಎಲ್ಲ ಭಾರ ಹೊರುತ್ತದೆ. ಒಳಗಿನದು 3 ಮಿ.ಮೀ., ಹೊರಗಿನದು 7 ಮಿ.ಮೀ. ಉಳಿದಿದ್ದರೆ ಪ್ಯಾಡಿನ ಕಂಪನಿಯನ್ನು ಬೈಯಬೇಡಿ, ಪಿನ್ನು ಎಳೆದು ನೋಡಿ. ಎರೆಮಣ್ಣು ರಬ್ಬರ್ ಬೂಟಿನ (ಧೂಳು, ನೀರು ತಡೆಯುವ ಹೊದಿಕೆ) ಬಾಯಿಗೆ ಒಣಗಿ ಅದನ್ನು ಸೀಳುತ್ತದೆ, ಒಳಗೆ ನೀರು ಹೋಗಿ ಪಿನ್ನಿಗೆ ತುಕ್ಕು ಹಿಡಿಯುತ್ತದೆ. ಪಿನ್ನು ತೆಗೆದು, ಬ್ರೇಕ್ ಕ್ಲೀನರಿನಲ್ಲಿ ಹಳೆಯ ಗ್ರೀಸು ಪೂರ್ತಿ ತೊಳೆದು, ತೂತನ್ನೂ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಬೇಕು. ಬೇರಿಂಗಿಗೆ ಹಾಕುವ ಗ್ರೀಸು ಬೇಡವೇ ಬೇಡ, ರಬ್ಬರ್ ಉಬ್ಬಿ ಪಿನ್ನು ಮೊದಲಿಗಿಂತ ಬಿಗಿಯಾಗುತ್ತದೆ. ಹಲವು ಗಾಡಿಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ತೋಳು ಇರುತ್ತದೆ, ಮೇಲಿನದನ್ನು ಕೆಳಗೆ ಹಾಕಬಾರದು. ಹಾಕಿದ ಮೇಲೆ ಎರಡೂ ಪಿನ್ನು ಬೆರಳ ಒತ್ತಡಕ್ಕೇ ಒಳಹೋಗಬೇಕು.

ಪ್ಯಾಡು ಕೂರುವ ಬ್ರಾಕೆಟಿನ ಸ್ಟೀಲ್ ಕ್ಲಿಪ್ಪನ್ನೂ ಬಿಡಬೇಡಿ. ಅದು ಬಿದ್ದುಹೋಗಿದ್ದರೆ ರಿವರ್ಸಿನಿಂದ ಮುಂದಕ್ಕೆ ಬಂದು ಮೊದಲ ಸಲ ಬ್ರೇಕ್ ಹಿಡಿದಾಗ ಒಂದೇ ಒಂದು ‘ಟಕ್’ ಬರುತ್ತದೆ.

ಬ್ರೇಕ್ ಹಿಡಿದಾಗ ‘ಧಡ್’, ಬಿಟ್ಟಾಗ ಮತ್ತೆ ‘ಧಡ್’ ಎಂದರೆ ಅದು ಬಹುಪಾಲು ಬ್ರೇಕಿನದಲ್ಲ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್. ಸಮತಟ್ಟು ಜಾಗದಲ್ಲಿ, ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲದಂತೆ, ಬ್ರೇಕ್ ಒತ್ತಿ ಹಿಡಿದು ಫಸ್ಟ್, ರಿವರ್ಸ್ ಬದಲಿಸುತ್ತ ಕ್ಲಚ್ಚನ್ನು ಕೊಂಚವೇ ಬಿಡಬೇಕು. ಪಕ್ಕದಲ್ಲಿ ದೂರ ನಿಂತವರಿಗೆ ಚಕ್ರ ಮಡ್ಗಾರ್ಡಿನೊಳಗೆ ಹಿಂದೆ ಮುಂದೆ ಸರಿಯುವುದು ಕಾಣುತ್ತದೆ. ಇದಕ್ಕೆ ಪ್ಯಾಡು ಬದಲಿಸಿ ದುಡ್ಡು ಕಳೆದುಕೊಂಡವರು ಬಹಳ ಜನ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಸ್ಟೀರಿಂಗಿನ ಸದ್ದಿಗೆ ಮೊದಲು ನಿಂತಲ್ಲೇ ಪರೀಕ್ಷೆ. ಇಂಜಿನ್ ಚಾಲೂ ಇಟ್ಟು ಒಬ್ಬರು ತಿರುಗಿಸಲಿ. ಬಾನೆಟ್ ತೆಗೆದು ಸ್ಟ್ರಟ್ಟಿನ (ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಣೆ) ತಲೆಯ ಮೇಲೆ ಅಂಗೈ ಇಟ್ಟರೆ, ಮೌಂಟ್ ಬೇರಿಂಗ್ ಹೋಗಿದ್ದಾಗ ಸ್ಪ್ರಿಂಗು ತಡೆದು ತಡೆದು ಚಿಮ್ಮುವುದು ಕೈಗೆ ಹತ್ತುತ್ತದೆ. ಈ ಭಾಗದ ಧೂಳಿಗೆ ಆ ಬೇರಿಂಗು ಬೇಗ ಒಣಗುತ್ತದೆ. ಆಮೇಲೆ ಗಾಡಿ ಎತ್ತಿ, ಜಾಕಿನ ಜೊತೆಗೆ ಸ್ಟ್ಯಾಂಡ್ ಕೊಟ್ಟೇ, ಚಕ್ರವನ್ನು ಗಡಿಯಾರದ 3 ಮತ್ತು 9ರಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಆಟ (ಸಡಿಲ) ಇದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ರಾಡಿನ ಕೀಲುಗಳಾದ ಟೈ ರಾಡ್ ಎಂಡ್ ಅಥವಾ ರ್‍ಯಾಕ್ ಎಂಡ್. 12 ಮತ್ತು 6ರಲ್ಲಿ ಆಟ ಇದ್ದರೆ ಲೋವರ್ ಆರ್ಮನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್. ಆಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ: ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಚಿಕ್ಕ ಗುಂಡಿಗಳಲ್ಲಿ ಮಾತ್ರ ‘ಕಟಕಟ’ ಅಂದು, ದೊಡ್ಡ ಹಂಪಿನಲ್ಲಿ ಎರಡೂ ಚಕ್ರ ಒಟ್ಟಿಗೆ ಏರುವಾಗ ಸುಮ್ಮನಿದ್ದರೆ ಲಿಂಕ್ ರಾಡು (ಗಾಡಿ ಒಲೆಯದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಸೇರಿಸುವ ಸಣ್ಣ ರಾಡು). ಮುಂಭಾಗದ ಸದ್ದುಗಳಲ್ಲಿ ಕಡಿಮೆ ಖರ್ಚಿನದು ಇದೇ, ಮೊದಲು ಇದನ್ನೇ ನೋಡಿ.

ಪೂರ್ತಿ ತಿರುಗಿಸಿ ಆಕ್ಸಿಲೇಟರ್ ಕೊಟ್ಟಾಗ ‘ಟಕ್ ಟಕ್ ಟಕ್’, ಬಿಟ್ಟಾಗ ಕಡಿಮೆ ಅಂದರೆ ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ಲಿನ ಹೊರತುದಿಯ ಕೀಲು, ಅಂದರೆ ಹೊರಗಿನ ಸಿವಿ ಜಾಯಿಂಟ್. ಎಡಕ್ಕೆ ತಿರುಗುವಾಗ ಬಂದರೆ ಹೆಚ್ಚಾಗಿ ಬಲಗಡೆಯದು. ಬೂಟ್ ಹರಿದಿದ್ದರೆ ರಿಮ್ಮಿನ ಒಳಮೈಗೆ ಗ್ರೀಸು ಸಿಡಿದು, ಅದರ ಮೇಲೆ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ಸದ್ದು ಶುರುವಾಗುವ ಮುಂಚೆ ಕಂಡರೆ ಬೂಟು, ಗ್ರೀಸು ಬದಲಿಸಿದರೆ ಮುಗಿಯಿತು. ಶುರುವಾದ ಮೇಲೆ ಜಾಯಿಂಟೇ ಬದಲಿಸಬೇಕು.

ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ದುಂಬಿಯಂತೆ ‘ಗುಂಯ್’ ಎಂದು ಏರುತ್ತ ಹೋಗಿ, ನ್ಯೂಟ್ರಲ್ ಮಾಡಿದರೂ ನಿಲ್ಲದಿದ್ದರೆ ಟೈರು ಅಥವಾ ವೀಲ್ ಬೇರಿಂಗ್. ಸ್ಟೀರಿಂಗ್ ಎಡಕ್ಕೆ ಸ್ವಲ್ಪ ತಿರುಗಿಸಿದಾಗ ಹೆಚ್ಚಾದರೆ ಭಾರ ಬಲಕ್ಕೆ ಬಿದ್ದಿದೆ, ಬಲಗಡೆಯ ಬೇರಿಂಗ್ ನೋಡಿ. ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ನಡೆಯುವ) ಪವರ್ ಸ್ಟೀರಿಂಗ್ ಇರುವ ಹಳೆಯ ಗಾಡಿ ತಿರುಗಿಸುವಾಗ ನರಳಿದರೆ ಆಯಿಲ್ ಮಟ್ಟ, ನೊರೆ ಮತ್ತು ಬೆಲ್ಟು ನೋಡಿ. ಪೂರ್ತಿ ತಿರುಗಿಸಿ ಹಾಗೇ ಹಿಡಿದು ನಿಲ್ಲಬೇಡಿ, ಪಂಪಿಗೆ ಕೆಟ್ಟದ್ದು.

ತೊಳೆದ ಮರುದಿನ ಬೆಳಿಗ್ಗೆ ನಾಲ್ಕೈದು ಬ್ರೇಕಿನವರೆಗೆ ಬರುವ ಉಜ್ಜುವ ಸದ್ದು ಡಿಸ್ಕಿನ ಮೇಲಿನ ತೆಳು ತುಕ್ಕಿನದು, ತಾನೇ ಹೋಗುತ್ತದೆ. ಮಣ್ಣು ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಅದುರಿ ‘ಗರಗರ’ ಅಂದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿದೆ. ಪೆಡಲ್ ಬಿಡಬೇಡಿ.

ಹೊಸ ಪ್ಯಾಡು ಹಾಕಲು ಪಿಸ್ಟನ್ ಹಿಂದೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲದಂತೆ ನೋಡಿಕೊಳ್ಳಬೇಕು, ಚೆಲ್ಲಿದರೆ ಪೇಂಟು ತಿನ್ನುತ್ತದೆ. ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು, ಇಲ್ಲವಾದರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20 ಕಿ.ಮೀ.ವರೆಗೆ ಹದವಾಗಿ ಎಂಟು ಹತ್ತು ಸಲ ಇಳಿಸಿ, ನಡುನಡುವೆ ಅರ್ಧ ನಿಮಿಷ ಗಾಳಿಗೆ ಬಿಟ್ಟು, ಕೊನೆಗೆ ಬ್ರೇಕ್ ಮುಟ್ಟದೆ ಒಂದೆರಡು ಕಿ.ಮೀ. ಓಡಿಸಿ ತಣ್ಣಗಾಗಿಸುತ್ತೇನೆ. ಬಿಸಿ ಡಿಸ್ಕಿನ ಮೇಲೆ ನೀರು ಹಾಕಬಾರದು. 50–100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿಸಿಕೊಳ್ಳಿ ಎಂದು ಹೇಳಿ ಗಾಡಿ ಕೊಡುತ್ತೇನೆ.