ಎದೆ ದಾಟದ ಕರೆಂಟು

ಗಂಗಾವತಿಯಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಗದ್ದೆಯ ಪಂಪ್‌ಸೆಟ್ ಸುಟ್ಟರೂ ರೈಸ್ ಮಿಲ್ಲಿನ ಮೋಟರ್ ಸುಟ್ಟರೂ ನನ್ನ ಕಟ್ಟೆಗೇ ಬರುತ್ತದೆ. ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದರು: "ಲೈವ್ ಬೋರ್ಡ್ ಮುಟ್ಟಬೇಕಾದ್ರ ಎಡಗೈ ಜೇಬಿನ್ಯಾಗ ಇರ್ಲಿ, ತಮ್ಮಾ." ಕರೆಂಟು ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಟರೆ ನಡುವೆ ಸಿಗುವುದು ಹೃದಯ. ಇಪ್ಪತ್ತೆರಡು ವರ್ಷ ಆ ಮಾತು ಪಾಲಿಸಿದ್ದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಂಡತಿಗೆ ಸೊಂಟನೋವು. ಫಿಜಿಯೋಥೆರಪಿಯವರು ಟೆನ್ಸ್ ಮಷಿನ್, ಅಂದರೆ ಚರ್ಮದ ಮೇಲಿಂದ ನರಗಳಿಗೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಯಂತ್ರ, ಹಚ್ಚಿಕೊಳ್ಳಲು ಹೇಳಿದರು, ಮನೆಗೇ ಒಂದು ಚಿಕ್ಕದನ್ನು ತಂದೆವು. ಅಂಗೈಯಷ್ಟು ಡಬ್ಬಿ, ನಾಲ್ಕು ಅಂಟು ಪ್ಯಾಡು. ಒಂದು ರಾತ್ರಿ ಅವಳೇ ಕೇಳಿದಳು: "ರೀ, ಇದನ್ನ ತೊಡಿಗೆ ಹಚ್ಚಿ ನೋಡೂಣೇನು?" ಚುಳುಚುಳು ಅನ್ನುವ ಆ ಮಿಡಿತ ಇಬ್ಬರಿಗೂ ಹಿಡಿಸಿತು. ಅಲ್ಲಿಂದ ಅದು ನಮ್ಮಿಬ್ಬರ ಆಟವಾಯಿತು. ಒಪ್ಪಿದ ಇಬ್ಬರು ವಯಸ್ಕರ ನಡುವಿನ ವಿಷಯ, ಇದರಲ್ಲಿ ನಾಚಿಕೆ ಪಡುವಂಥದ್ದು ನನಗೇನೂ ಕಾಣುವುದಿಲ್ಲ. ಆದರೆ ಮೊನ್ನೆ ಅಂಗಡಿಗೆ ಬಂದ, ಹೊಸದಾಗಿ ಮದುವೆಯಾದ ಹುಡುಗನೊಬ್ಬ ಮೆಲ್ಲಗೆ, "ಅಣ್ಣಾ, ಸೊಳ್ಳಿ ಬ್ಯಾಟಿನ ಶಾಕ್ ಏನೂ ಮಾಡಂಗಿಲ್ಲಲ್ಲಾ?" ಅಂದ. ಯಾಕೆ ಕೇಳುತ್ತಿದ್ದಾನೆ ಅಂತ ತಿಳಿಯಿತು. ಎದೆ ಝಲ್ಲೆಂದಿತು. ಕೇಳುವವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ.

ಮೊದಲು ನನ್ನದೇ ತಪ್ಪು. ಶುರುವಿನಲ್ಲಿ ನನಗೆ ಆ ಡಬ್ಬಿ ಸಪ್ಪೆ ಅನ್ನಿಸಿತ್ತು. ಕರೆಂಟಿನ ಕೆಲಸ ಮಾಡುವವನು, ನಾನೇ ಒಂದು ಮಾಡುತ್ತೇನೆ ಅಂತ ಅಂಗಡಿಯಲ್ಲಿ ಬಿದ್ದಿದ್ದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿಗೆ ರೆಗ್ಯುಲೇಟರ್ ಕೂಡಿಸಿ ಪೆಟ್ಟಿಗೆ ಕಟ್ಟಿದೆ. 230 ವೋಲ್ಟ್ ಹೋಗಿ 12 ವೋಲ್ಟ್ ಬರುತ್ತದೆ, ಏನಾದೀತು ಅಂದುಕೊಂಡಿದ್ದೆ. ಮನೆಗೆ ಒಯ್ಯುವ ಮುಂಚೆ ಅಭ್ಯಾಸಬಲದಿಂದ ಇನ್ಸುಲೇಷನ್ ಪರೀಕ್ಷಿಸುವ ಮೀಟರ್ ಮೆಗ್ಗರ್ ಹಚ್ಚಿದೆ. 230 ವೋಲ್ಟ್ ಹೋಗುವ ಸುರುಳಿಗೂ (ಪ್ರೈಮರಿ) 12 ವೋಲ್ಟ್ ಬರುವ ಸುರುಳಿಗೂ (ಸೆಕೆಂಡರಿ) ನಡುವಿನ ಇನ್ಸುಲೇಷನ್ ಸತ್ತುಹೋಗಿತ್ತು, ಮುಳ್ಳು ಸೊನ್ನೆಯ ಹತ್ತಿರ ಬಂದು ಕೂತಿತು. ಅಂದರೆ 230 ವೋಲ್ಟು ನೇರವಾಗಿ ಅವಳ ಮೈಮೇಲೆ ಬರಬಹುದಿತ್ತು. ಸ್ಟೂಲಿನ ಮೇಲೆ ಸುಮಾರು ಹೊತ್ತು ಹಾಗೇ ಕೂತುಬಿಟ್ಟೆ. ಆಮೇಲೆ ಪೆಟ್ಟಿಗೆ ಬಿಚ್ಚಿ ತಾಮ್ರದ ತಂತಿಯನ್ನು ಗುಜರಿಗೆ ಹಾಕಿದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಾವುದೂ ಅವತ್ತಿನಿಂದ ಹಾಸಿಗೆಯ ಹತ್ತಿರ ಬಂದಿಲ್ಲ.

ಮನೆಯ ಕರೆಂಟಿನ ಲೆಕ್ಕ ನೋಡಿ. 1 ಮಿಲಿಆಂಪ್ (ಆಂಪಿನ ಸಾವಿರದಲ್ಲಿ ಒಂದು ಪಾಲು) ಹತ್ತಿರ ಚುರುಕ್ ಅಂತ ಗೊತ್ತಾಗುತ್ತದೆ. 10 ದಾಟಿದರೆ ಬೆರಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಎದೆಯೊಳಗಿಂದ 50, 60 ಮಿಲಿಆಂಪ್ ಒಂದೆರಡು ಸೆಕೆಂಡ್ ಹರಿದರೂ ಹೃದಯ ಬಡಿಯುವುದು ಬಿಟ್ಟು ಬರೀ ಅದುರತೊಡಗಬಹುದು. ಅಷ್ಟಾದ ಮೇಲೆ ಸ್ವಿಚ್ ಆರಿಸಿದರೂ ಅದು ತಾನಾಗಿ ದಾರಿಗೆ ಬರುವುದಿಲ್ಲ. ದೇವರ ಮನೆಯಲ್ಲಿ ಉರಿಯುವ ಹಳೇ ಝೀರೋ ಬಲ್ಬ್ ಎಳೆಯುವುದು 15 ವ್ಯಾಟ್, ಅಂದರೆ ಸುಮಾರು 65 ಮಿಲಿಆಂಪ್. ಜೀವ ಹೋಗಲು ಅಷ್ಟು ಸಾಕು.

"ಮನೆಗೆ ಆರ್‌ಸಿಸಿಬಿ ಹಾಕ್ಸೀನಿ" ಅನ್ನುವವರಿಗೆ ಒಂದು ಮಾತು. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ ಅದು. 30 ಮಿಲಿಆಂಪಿನ ಆರ್‌ಸಿಸಿಬಿ ಟ್ರಿಪ್ ಆಗುವುದು ಕರೆಂಟು ಭೂಮಿಗೆ ಸೋರಿದಾಗ. ಫೇಸ್ ಒಂದು ಕಡೆ, ನ್ಯೂಟ್ರಲ್ ಇನ್ನೊಂದು ಕಡೆ ಮೈಗೆ ತಾಗಿದರೆ ಹೋದಷ್ಟೂ ವಾಪಸ್ ಬರುತ್ತದೆ. ಅದರ ಲೆಕ್ಕದಲ್ಲಿ ಮನುಷ್ಯನೂ ಒಂದು ಬಲ್ಬು, ಅದು ಸುಮ್ಮನಿರುತ್ತದೆ.

ಟೆನ್ಸ್ ಮಷಿನ್ನಿನ ಹದ ಬೇರೆ. ಬ್ಯಾಟರಿಯಿಂದ ನಡೆಯುತ್ತದೆ, ಒಂದೊಂದು ಹೊಡೆತ ಸೆಕೆಂಡಿನ ಹತ್ತು ಸಾವಿರ ಪಾಲಿನಲ್ಲಿ ಒಂದೆರಡು ಪಾಲು ಮಾತ್ರ. ಹಾಗಂತ ಎಲ್ಲಿ ಬೇಕಾದರೂ ಹಚ್ಚುವಂತಿಲ್ಲ. ನಮ್ಮ ಆಟದಲ್ಲಿ ನಾಲ್ಕೂ ಪ್ಯಾಡು ಸೊಂಟದ ಕೆಳಗೇ. ಎದೆ, ಮೊಲೆ, ಕುತ್ತಿಗೆ, ತಲೆ, ಎರಡು ಕೈಗಳ ನಡುವೆ, ಯಾವತ್ತೂ ಇಲ್ಲ. ಕುತ್ತಿಗೆಯ ಮುಂಭಾಗದಲ್ಲಿ ರಕ್ತದೊತ್ತಡ ಹಿಡಿದಿಡುವ ನರಗಳಿವೆ, ಅಲ್ಲಿ ಹಚ್ಚಿದರೆ ಒತ್ತಡ ಕುಸಿಯಬಹುದು, ಗಂಟಲು ಬಿಗಿದು ಉಸಿರು ಕಟ್ಟಬಹುದು. ಗಾಯ, ತರಚು, ಆಗತಾನೇ ಕೂದಲು ತೆಗೆದ ಚರ್ಮದ ಮೇಲೂ ಬೇಡ. ಅವಳು ಕಾಲುಂಗುರ, ಬೆಳ್ಳಿ ಚೈನು ತೆಗೆಯುತ್ತಾಳೆ, ನಾನು ಉಡಿದಾರ ಬಿಚ್ಚುತ್ತೇನೆ. ಚಾರ್ಜಿಗೆ ಹಾಕಿದ ಮಷಿನ್ ಮೈಗೆ ಹಚ್ಚುವುದೇ ಇಲ್ಲ. ಅಗ್ಗದ ಚಾರ್ಜರಿನೊಳಗೆ ಮೇನ್ಸಿಗೂ (ಗೋಡೆಯ ಕರೆಂಟಿಗೂ) ಮೈಗೂ ನಡುವೆ ಎಂಥ ಅಡ್ಡಗೋಡೆ ಇದೆ ಅಂತ ನಾನು ಬಿಚ್ಚಿ ನೋಡಿದವನು.

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ಸುಟ್ಟಿತು. ಮೇ ತಿಂಗಳು, ನಮ್ಮ ಕಡೆಯ ಬಿಸಿಲು ಕೇಳಬೇಡಿ. ಪ್ಯಾಡಿನ ಜೆಲ್ ಒಣಗಿ ಅಂಚು ಎದ್ದಿದ್ದನ್ನು ನಾನು ನೋಡಲಿಲ್ಲ. ಪೂರ್ತಿ ಪ್ಯಾಡಿನಲ್ಲಿ ಹರಡಬೇಕಾದ ಕರೆಂಟು ಮೂಲೆಯ ಒಂದು ಚುಕ್ಕಿಯಲ್ಲಿ ಸೇರಿತು. ಡಯಲ್ ನಾನು ಏರಿಸಿರಲಿಲ್ಲ, ಆದರೂ ಅವಳು "ಸೂಜಿ ಚುಚ್ಚಿದಂಗ ಆಗ್ತೈತಿ, ಬಂದ್ ಮಾಡ್ರಿ" ಅಂದಳು. ತೆಗೆದು ನೋಡಿದರೆ ಮೀನಖಂಡದ ಮೇಲೆ ಮೆಣಸಿನ ಕಾಳಿನಷ್ಟು ಬೆಳ್ಳಗಿನ ಕಲೆ, ಸುತ್ತ ಕೆಂಪು. ತಣ್ಣೀರು ಹರಿಸಿದೆವು. ಮಾಯಲು ಎರಡು ವಾರ ಹಿಡಿಯಿತು, ಕಲೆ ಇನ್ನೂ ಇದೆ. ಈಗ ಪ್ಯಾಡು ಇಪ್ಪತ್ತು ಸಲಕ್ಕಿಂತ ಹೆಚ್ಚು ಬಳಸುವುದಿಲ್ಲ, ಹಚ್ಚುವ ಮುಂಚೆ ಬೆರಳಿಂದ ಅಂಚು ಸವರಿ ನೋಡುತ್ತೇನೆ. ಬೆವರಿದ್ದರೆ ಒರೆಸಿ, ಫ್ಯಾನಿನ ಕೆಳಗೆ ಆರಿದ ಮೇಲೆಯೇ. ಡಯಲ್ ಸೊನ್ನೆಗೆ ತಂದು ಹಚ್ಚುವುದು, ಸೊನ್ನೆಗೆ ತಂದು ತೆಗೆಯುವುದು. ಹೊತ್ತು ಹೋದಂತೆ ಮೈಗೆ ರೂಢಿಯಾಗಿ ಇನ್ನಷ್ಟು ಬೇಕೆನಿಸುತ್ತದೆ. ಆ ಆಸೆಗೆ ಡಯಲ್ ತಿರುಗಿಸುತ್ತ ಹೋದರೆ ಚರ್ಮ ಸುಡುತ್ತದೆ.

ಡಬ್ಬಿ ಇರುವುದು ಹಚ್ಚಿಸಿಕೊಂಡವರ ಕೈಯಲ್ಲೇ. "ಸಾಕು" ಅಂದರೆ ಸಾಕು, ಯಾಕೆ ಅಂತ ಕೇಳುವಂತಿಲ್ಲ. ಕೈಕಾಲು ಕಟ್ಟುವುದಿಲ್ಲ, ನಿಂತುಕೊಂಡು ಮಾಡುವುದಿಲ್ಲ, ಸ್ನಾಯು ತಟ್ಟನೆ ಎಳೆದು ಬಿದ್ದರೆ ಹಲ್ಲು ಮುರಿಯುತ್ತದೆ. ಕುಡಿದ ದಿನವೂ ಇಲ್ಲ.

ಪೇಸ್‌ಮೇಕರ್ ಇದ್ದವರು, ಹೃದಯದ ಬಡಿತ ತಪ್ಪುವವರು, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ಇದರ ಹತ್ತಿರ ಬರಲೇಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೂ ಬೇಡ, ಸುಡುವುದೇ ಅವರಿಗೆ ತಿಳಿಯುವುದಿಲ್ಲ. ಆಟವಾದ ಮೇಲೆ ಎದೆನೋವು, ತಲೆಸುತ್ತು, ಎದೆ ಡವಡವ ಅನ್ನಿಸಿದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು, ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಬೇಕು. ನಾಚಿಕೆಗೆ ಸುಳ್ಳು ಹೇಳಿದರೆ ಅವರು ಬೇರೆಯದನ್ನು ಹುಡುಕುತ್ತಾರೆ.

ಆ ಹುಡುಗನಿಗೂ ಕೂರಿಸಿ ಹೇಳಿದೆ. ಸೊಳ್ಳೆ ಬ್ಯಾಟಿನೊಳಗೆ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಸಾವಿರ ವೋಲ್ಟಿಗೂ ಮೇಲೆ ತುಂಬಿಕೊಂಡಿರುತ್ತದೆ, ಬಟನ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಒಳಗೇ ಇರುತ್ತದೆ. ಅದು ಸೊಳ್ಳೆ ಸುಡಲು ಮಾಡಿದ್ದು, ಮನುಷ್ಯರ ಮೈಗೆ ಅಲ್ಲ.

ಮನೆಯಲ್ಲಿ ಇನ್ನೂ ಒಂದು ಮಾಡಿದ್ದೇನೆ. ಮೇನ್ ಸ್ವಿಚ್ ಎಲ್ಲಿದೆ ಅಂತ ಕತ್ತಲಲ್ಲಿ ಅವಳನ್ನು ನಡೆಸಿ ತೋರಿಸಿದೆ. ಯಾರಿಗಾದರೂ ಮೇನ್ಸ್ ಹಿಡಿದರೆ ಮುಟ್ಟುವ ಮೊದಲು ಆ ಸ್ವಿಚ್ಚನ್ನು ಇಳಿಸಬೇಕು. ಎಚ್ಚರವಿಲ್ಲ, ಉಸಿರೂ ಇಲ್ಲ ಅಂದರೆ 108ಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ, ಎದೆಯ ನಡುವೆ ಎರಡು ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಇಳಿಯುವಂತೆ ಒತ್ತುತ್ತಲೇ ಇರಬೇಕು. ದಿಂಬಿನ ಮೇಲೆ ಇಬ್ಬರೂ ಒತ್ತಿ ಒತ್ತಿ ರೂಢಿ ಮಾಡಿಕೊಂಡಿದ್ದೇವೆ.

ಈಗ ಶುರು ಮಾಡುವ ಮುಂಚೆ ಅವಳು ಚಾರ್ಜರನ್ನು ಗೋಡೆಯಿಂದ ಕಿತ್ತು, ವೈರ್ ಸುತ್ತಿ, ನನ್ನ ಕಣ್ಣೆದುರಿನ ಮೇಜಿನ ಮೇಲೆ ಇಡುತ್ತಾಳೆ. "ನೋಡಿದ್ರೇನು?" ಅನ್ನುತ್ತಾಳೆ. "ನೋಡಿದೆ" ಅಂದ ಮೇಲೆಯೇ ಬಂದು ಪಕ್ಕದಲ್ಲಿ ಕೂಡುತ್ತಾಳೆ.