ಮೊದಲು ನೀರಿಗೆ ದಾರಿ, ಆಮೇಲೆ ಸೈಕಲ್‌ಗೆ

ನಾವು ಓಡಿಸುವ ಮೌಂಟನ್ ಬೈಕ್ ಟ್ರೇಲ್ ಹಾಳಾಗುತ್ತಿರುವುದು ಟೈರುಗಳಿಂದ ಅಂತಲೇ ಎರಡು ವರ್ಷ ನಂಬಿಕೊಂಡಿದ್ದೆ. ಒಂದು ದಿನ ಜೋರು ಮಳೆಯಲ್ಲಿ ಸೈಕಲ್ ಮನೆಯಲ್ಲೇ ಬಿಟ್ಟು, ಕೊಡೆ ಹಿಡಿದು ಇಡೀ ದಾರಿ ನಡೆದೆ. ಗುಡ್ಡದ ಮೇಲಿಂದ ಬಂದ ನೀರು ದಾರಿಗೆ ಇಳಿದು, ಆಚೆ ಹೋಗಲು ಜಾಗ ಸಿಗದೆ, ದಾರಿಯನ್ನೇ ಕಾಲುವೆ ಮಾಡಿಕೊಂಡು ಓಡುತ್ತಿತ್ತು. ಕೊರಕಲು ತಪ್ಪಿಸಲು ಸವಾರರು ಪಕ್ಕಕ್ಕೆ ಸರಿದು ಸರಿದು ಒಂದು ಮೀಟರ್ ದಾರಿ ಮೂರು ಮೀಟರ್ ಆಗಿತ್ತು. ಟೈರುಗಳ ಪಾಲಿನ ಪಾಪ ಅಷ್ಟೇ.

ಜಾಗದ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯುವುದಕ್ಕೇ ಒಂದು ಋತು ಕಳೆಯಿತು. ಬಾಯಿಮಾತು ಸಾಲದು. ಮುಂದೆ ದುಡ್ಡು ಕೊಡುವವರು ಮೊದಲು ಕೇಳುವುದೇ ಆ ಕಾಗದ.

ಇಳಿಜಾರು ಅಳೆಯಲು ಕ್ಲಿನೋಮೀಟರ್ ಬೇಕು. ನಾನು ಫೋನಿನ ಆ್ಯಪ್‌ನಲ್ಲೇ ಶುರು ಮಾಡಿದೆ. 1988ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಂಬಾ ಎಂಬ ಮೌಂಟನ್ ಬೈಕ್ ಸಂಘಟನೆ ಹೇಳಿಕೊಡುವ ಎರಡು ಲೆಕ್ಕಗಳು ನನ್ನ ತಲೆಯಲ್ಲಿದ್ದವು: ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ದಾಟಬಾರದು, ಮತ್ತು ಒಟ್ಟು ಸರಾಸರಿ ಶೇ. 10ರ ಒಳಗಿರಬೇಕು, ಅಂದರೆ ನೂರು ಮೀಟರ್‌ಗೆ ಹತ್ತು ಮೀಟರ್‌ಗಿಂತ ಹೆಚ್ಚು ಇಳಿಯಬಾರದು. ನಮ್ಮ ಗುಡ್ಡ ಶೇ. 16. ಹಳೇ ದಾರಿ ನೆಟ್ಟಗೆ ಕೆಳಗೆ ಇಳಿದಿದ್ದರಿಂದ ಅದೂ ಶೇ. 16. ಹತ್ತು ಮೀಟರ್ ಎತ್ತರ ಇಳಿಯಲು ಅದಕ್ಕೆ ಅರವತ್ತು ಚಿಲ್ಲರೆ ಮೀಟರ್ ಸಾಕಾಗಿತ್ತು. ಶೇ. 8ಕ್ಕೆ ತಂದರೆ 125 ಮೀಟರ್ ಬೇಕು. ಅಂದರೆ ರಿಪೇರಿ ಬಿಟ್ಟು ಆ ತುಂಡನ್ನೇ ಕೈಬಿಡಬೇಕು, ಅಡ್ಡಡ್ಡವಾಗಿ ಹೊಸ ದಾರಿ ಕಡಿಯಬೇಕು. ಇದನ್ನು ಜೊತೆಯವರಿಗೆ ಒಪ್ಪಿಸುವುದು ಗುದ್ದಲಿ ಹಿಡಿಯುವುದಕ್ಕಿಂತ ಕಷ್ಟವಾಯಿತು.

ಮೊದಲ ಮೂವತ್ತು ಮೀಟರ್ ನಾನೇ ಕೆಡಿಸಿದೆ. ಗುಡ್ಡವನ್ನು ಅರ್ಧ ಅಗಲಕ್ಕೆ ಮಾತ್ರ ಕಡಿದು, ತೆಗೆದ ಮಣ್ಣನ್ನು ಹೊರ ಅಂಚಿಗೆ ಹಾಕಿ ತುಳಿದು ಅಗಲ ಮಾಡಿದೆ. ಶ್ರಮ ಅರ್ಧಕ್ಕರ್ಧ ಉಳಿಯಿತು ಅಂತ ಬೀಗಿದ್ದೂ ಆಯಿತು. ಮೊದಲ ದೊಡ್ಡ ಮಳೆಗೆ ಹೊರಗಿನ ಅರ್ಧ ಜಾರಿ ಕೆಳಗೆ ಹೋಯಿತು. ಎರಡನೇ ಸಲ ಪೂರ್ತಿ ಅಗಲವನ್ನೂ ಗಟ್ಟಿ ನೆಲದಲ್ಲೇ ಕಡಿದೆವು. ತೆಗೆದ ಮಣ್ಣನ್ನು ದೂರ ಎರಚಿಬಿಟ್ಟೆವು. ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್‌ನಷ್ಟು ಹೊರಗೆ ವಾಲಿಸಿದೆವು, ನೀರು ಹಾಳೆಯಂತೆ ಹರಡಿ ದಾಟಿಹೋಗಲಿ ಅಂತ. ಇಳಿಯುವ ದಾರಿಯನ್ನು ಅಲ್ಲಲ್ಲಿ ಮೂರು ನಾಲ್ಕು ಮೀಟರ್ ಉದ್ದಕ್ಕೆ ತುಸು ಮೇಲಕ್ಕೆತ್ತಿ ಮತ್ತೆ ಇಳಿಸಿದೆವು. ಆ ತಗ್ಗಿಗೆ ಬಂದ ನೀರು ಮುಂದೆ ಏರಲಾರದೆ ಹೊರಗೆ ಬೀಳುತ್ತದೆ. ಸವಾರನಿಗೆ ಅದೇ ಒಂದು ಮಜಾ ಉಬ್ಬು. ಅಮೆರಿಕದ ಅರಣ್ಯ ರೇಂಜರ್ ಒಬ್ಬರು 1905ರಲ್ಲಿ ಕಾಡ್ಗಿಚ್ಚಿನ ಕೆಲಸಕ್ಕೆಂದು ರೂಪಿಸಿದ ಮೆಕ್‌ಲೌಡ್ ಎಂಬ ಸಲಕರಣೆ, ಒಂದು ಕಡೆ ಹಲ್ಲು, ಇನ್ನೊಂದು ಕಡೆ ಅಗಲ ಅಲಗು, ನೆಲ ನಯ ಮಾಡಲು ಅದರಷ್ಟು ಒದಗಿದ್ದು ಬೇರೊಂದಿಲ್ಲ.

ಇನ್ನು ದುಡ್ಡಿನ ಕಥೆ. ಸೈಕಲ್ ಹಾರಿಸುವ ಮಣ್ಣಿನ ದಿಬ್ಬ, ಅಂದರೆ ಜಂಪ್, ಕಟ್ಟುತ್ತೇವೆ ಅಂದರೆ ಜನ ಕೊಡುತ್ತಾರೆ. ನೀರು ಹೊರಗೆ ಹಾಕುತ್ತೇವೆ ಅಂದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ನನ್ನ ಮೊದಲ ಮನವಿ ಮಕಾಡೆ ಮಲಗಿತು. ಆಮೇಲೆ ಮೂರು ಕಡೆ ಗೂಟ ಹೊಡೆದೆ. ಪ್ರತಿ ಮಳೆ ಆದ ಮೇಲೂ ಅದೇ ಗೂಟದ ಪಕ್ಕ ನಿಂತು, ಅದೇ ಎತ್ತರದಿಂದ ಫೋಟೋ ತೆಗೆದೆ. ಐದು ಫೋಟೋ ಸಾಲಾಗಿ ಇಟ್ಟಾಗ ಕೊರಕಲು ಬೆಳೆಯುವುದು ಮಕ್ಕಳಿಗೂ ಕಾಣುತ್ತಿತ್ತು. "ಟ್ರೇಲ್ ಉಳಿಸಿ" ಎನ್ನುವ ಬದಲು "ಹತ್ತು ಮೀಟರ್ ನಿಮ್ಮದು" ಎಂದು ಕೇಳಿದೆ. ಎಷ್ಟು ಆಳು, ಎಷ್ಟು ಗಂಟೆ, ಎಷ್ಟು ಜಲ್ಲಿ ಅಂತ ಹತ್ತು ಮೀಟರ್‌ನ ಖರ್ಚು ಬಿಡಿಸಿ ಬರೆದಿದ್ದೆ. ಆಗ ಹಣ ಬರತೊಡಗಿತು.

ವ್ಯಾಪಾರಿಗಳ ಹತ್ತಿರ ನಗದು ಕೇಳುವುದನ್ನೂ ಬಿಟ್ಟೆ. ಒಂದು ಲೋಡ್ ಕಲ್ಲು, ಒಂದು ದಿನದ ಮಿನಿ ಎಕ್ಸ್‌ಕವೇಟರ್, ಹತ್ತು ಜೊತೆ ಕೈಗವಸು, ಇಂಥದ್ದಕ್ಕೆ ಅವರ ಬಾಯಲ್ಲಿ ಬೇಗ ಹೂಂ ಬರುತ್ತದೆ. ಅನುದಾನದ ಅರ್ಜಿಗಳಲ್ಲಿ ನನಗೆ ತಡವಾಗಿ ತಿಳಿದ ಗುಟ್ಟು ಹಾಜರಿ ಪುಸ್ತಕ. ಸ್ವಯಂಸೇವಕರ ದುಡಿಮೆಯ ಗಂಟೆಗಳನ್ನೇ ನಮ್ಮ ಪಾಲಿನ ಹಣವೆಂದು ಲೆಕ್ಕ ಹಿಡಿಯುವ ಅನುದಾನಗಳಿವೆ, ಆದರೆ ಸಹಿ ಇರಬೇಕು. ಮೊದಲ ವರ್ಷದ ಬೆವರೆಲ್ಲ ಸಹಿ ಇಲ್ಲದೆ ನೀರಲ್ಲಿ ಹೋಮ ಆಯಿತು. ಈಗ ಹೆಸರು ಬರೆಯದವರಿಗೆ ಗುದ್ದಲಿ ಇಲ್ಲ.

ರೇಸ್ ನಡೆಸಿದಾಗ ಪ್ರವೇಶ ಶುಲ್ಕದ ಒಂದು ಪಾಲನ್ನು ರೇಸ್‌ಗೆ ಮೊದಲೇ ಎತ್ತಿಡುತ್ತೇವೆ. ಮುಗಿದ ಮೇಲೆ ಉಳಿದದ್ದು ಅಂದರೆ ಏನೂ ಉಳಿಯುವುದಿಲ್ಲ, ಕೈಸುಟ್ಟುಕೊಂಡೇ ಕಲಿತದ್ದು. ಒಬ್ಬ ದಾನಿಯ ಹಣದಲ್ಲಿ ಚಂದದ ಮರದ ಸೇತುವೆಯನ್ನೂ ಕಟ್ಟಿದ್ದೆವು. ಎರಡು ಮಳೆಗಾಲಕ್ಕೆ ಹಲಗೆ ಪಾಚಿಗಟ್ಟಿ ಜಾರತೊಡಗಿತು. ಬದಲಿಸಲು ಕಾಸಿರಲಿಲ್ಲ, ಕೊನೆಗೆ ಕಿತ್ತೇ ಹಾಕಿದೆವು. ಅಂದಿನಿಂದ ಹೊಸದಕ್ಕೆ ಬಂದ ಪ್ರತಿ ದೇಣಿಗೆಯ ಐದನೇ ಒಂದು ಭಾಗ ನಿರ್ವಹಣೆಯ ಬೇರೆ ಖಾತೆಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪ ತೆಗೆದು ಜಂಪ್ ಕಟ್ಟೋಣ ಅಂತ ಹೊಸ ಹುಡುಗರು ಪ್ರತಿ ಸಭೆಯಲ್ಲೂ ಎತ್ತುತ್ತಾರೆ. ಚೆಕ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ.